ಪುಣೆ ಹತ್ತಿರದ ತಳೇಗಾಂವ್ ಕಡೆ ಕಡಿಮೆ ಬಾಡಿಗೆಯ ಮನೆ: ಕೊನೆಗೆ ಕೆಲಸ ಮಾಡಿದ್ದು ಇದು

ಸಮಸ್ಯೆ: ಬಜೆಟ್ ತಿಂಗಳಿಗೆ 5,500. ಆ್ಯಪ್‌ಗಳಲ್ಲಿ ಅಷ್ಟಕ್ಕೆ ಏನೂ ಕಾಣುವುದಿಲ್ಲ, ಕಂಡರೂ ಫೋನ್ ಎತ್ತುವವನು ಏಜೆಂಟನೇ, ದಲಾಲಿ ಒಂದು ತಿಂಗಳ ಬಾಡಿಗೆ. ಫಿಲ್ಟರ್ ಬದಲಿಸಿದ್ದು, ಊರಿನವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು, ಎರಡೂ ವ್ಯರ್ಥ. ಮ್ಹಾಡಾ (ಮಹಾರಾಷ್ಟ್ರ ಸರ್ಕಾರದ ವಸತಿ ಮಂಡಳಿ) ಲಾಟರಿ ಮನೆ ಕೊಳ್ಳುವವರಿಗೆ, ಬಾಡಿಗೆಗಲ್ಲ.

ಫಲಿಸಿದ್ದು ಕಾಲ್ನಡಿಗೆ. ಪುಣೆ–ಲೋನಾವಳಾ ಲೋಕಲ್ ರೈಲಿನಲ್ಲಿ ತಳೇಗಾಂವ್ ದಾಟಿ ವಡಗಾಂವ್, ಕಾನ್ಹೆ, ಕಾಮಶೇತ್‌ನಲ್ಲಿ ಇಳಿಯಿರಿ. ಸಣ್ಣ ಮಾಲೀಕರು ಆ್ಯಪ್‌ಗೆ ಹಾಕುವುದಿಲ್ಲ, ಗೇಟಿಗೆ ‘ಭಾಡ್ಯಾನೆ ದೇಣೆ ಆಹೆ’ (ಬಾಡಿಗೆಗೆ ಇದೆ) ಎಂಬ ಮರಾಠಿ ಹಲಗೆ ತೂಗುಹಾಕುತ್ತಾರೆ. ಕಿರಾಣಿ ಅಂಗಡಿಯಲ್ಲಿ ‘ಒನ್ ಆರ್‌ಕೆ’ (ಒಂದು ಕೋಣೆ, ಅಡುಗೆಮನೆ) ಎಂದೇ ಕೇಳಿ. ‘ಫ್ಲ್ಯಾಟ್’ ಎಂದರೆ ಮತ್ತೆ ಏಜೆಂಟನ ನಂಬರೇ ಸಿಗುತ್ತದೆ.

ಒಪ್ಪುವ ಮೊದಲು ನೀರು ಬರುವ ಹೊತ್ತಿಗೇ ಹೋಗಿ ನಲ್ಲಿ ತಿರುಗಿಸಿ. ಮಾಲೀಕ ಹಾಕಿಸಿದ ಪ್ರತ್ಯೇಕ ವಿದ್ಯುತ್ ಸಬ್‌ಮೀಟರ್ ಇದ್ದರೆ ಯೂನಿಟ್ ದರ ಬರೆಸಿಕೊಳ್ಳಿ, ಮೀಟರಿನ ಫೋಟೊ ತೆಗೆದಿಡಿ. ಅಗ್ಗದ ಮನೆ ದುಬಾರಿಯಾಗುವುದು ಇಲ್ಲಿಯೇ.

ಕರಾರು 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್, ಅಂದರೆ ನಿಗದಿತ ಅವಧಿಗೆ ವಾಸಕ್ಕೆ ಅನುಮತಿ ಕೊಡುವ ಪತ್ರ. ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ, ಹೊಣೆ ಮಾಲೀಕನದು. 11 ತಿಂಗಳ ಒಟ್ಟು ಬಾಡಿಗೆ 60,500. ಡಿಪಾಸಿಟ್ 20,000ಕ್ಕೆ ವರ್ಷಕ್ಕೆ 10% ಬಡ್ಡಿ ಲೆಕ್ಕ ಸೇರಿಸಿ, ಆ ಒಟ್ಟು ಮೊತ್ತದ 0.25% ಸ್ಟ್ಯಾಂಪ್ ಡ್ಯೂಟಿ: 200 ರೂಪಾಯಿ ದಾಟದು. ನೋಂದಣಿ ಶುಲ್ಕ ಹಳ್ಳಿಯಲ್ಲಿ 500, ಪಟ್ಟಣದಲ್ಲಿ 1,000. ‘ಅಗ್ರಿಮೆಂಟ್ ಖರ್ಚು’ ಎಂದು ಐದಾರು ಸಾವಿರ ಕೇಳಿದರೆ ಈ ಲೆಕ್ಕ ತೋರಿಸಿ. ಡಿಪಾಸಿಟ್ ನಗದಾಗಿ ಬೇಡ, ಬ್ಯಾಂಕ್ ಮೂಲಕವೇ ಕೊಡಿ.