ಬಿದರಿ ಹಿಡಿ, ಉಕ್ಕಿನ ಅಲಗು: ಲೋರ್ ಕೆಡದಂತೆ ಕತ್ತಿ ಮುರಿಸಿದ ಬಗೆ

ಕತ್ತಿ ಮುರಿದರೆ ಆಡುವವರು ಗೇಮನ್ನೇ ಡಿಲೀಟ್ ಮಾಡ್ತಾರೆ ಎಂದು ಕಲಬುರಗಿಯ ಡೆವಲಪರ್ ಗೆಳೆಯರು ಪಟ್ಟು ಹಿಡಿದಿದ್ದರು. ಬೀದರದಲ್ಲಿ ಕಟ್ಟಿದ ನಮ್ಮ ಫ್ಯಾಂಟಸಿ ಗೇಮಿನಲ್ಲಿ ಕತ್ತಿ ಮುರಿಯುತ್ತದೆ, ಆಡುವವರೂ ಉಳಿದಿದ್ದಾರೆ.

ನಮ್ಮ ಲೋರ್ (ಗೇಮಿನ ಲೋಕದ ಹಿನ್ನೆಲೆ ಕಥೆ) ಪ್ರಕಾರ ಬಿದರಿ ಆಯುಧಕ್ಕೆ ಅಳಿವಿಲ್ಲ. ಅಳಿಯದ ಕತ್ತಿ ಕೈಗೆ ಬಂದರೆ ಕಮ್ಮಾರನ ಅಂಗಡಿಗೆ ಯಾರೂ ಹೋಗುವುದಿಲ್ಲ, ನಾಣ್ಯಕ್ಕೆ ಬೆಲೆ ಇರುವುದಿಲ್ಲ. ಶಾಪದ ನೆಪ ಹೇಳಿ ಡ್ಯೂರಬಿಲಿಟಿ (ಬಳಸಿದಷ್ಟೂ ಸವೆಯುವ ಲೆಕ್ಕ) ಹಾಕಿದರೆ ಗೇಮ್ ಆಡಿ ಪರೀಕ್ಷಿಸಲು (ಪ್ಲೇಟೆಸ್ಟ್) ಬಂದ ಹುಡುಗರು ಮೊದಲ ಅರ್ಧ ಗಂಟೆಯಲ್ಲೇ ಆ ನೆಪವನ್ನು ಹಿಡಿದುಬಿಡುತ್ತಾರೆ.

ದಾರಿ ಲೋಹದಲ್ಲೇ ಇತ್ತು. ಬಿದರಿಯಲ್ಲಿ ಸತು ಬಹಳ, ತಾಮ್ರ ಸ್ವಲ್ಪ. ಹರಿತ ನಿಲ್ಲುವ ಲೋಹವಲ್ಲ. ಹಾಗಾಗಿ ಹಿಡಿ ಮಾತ್ರ ಬಿದರಿ, ಅಲಗು ಉಕ್ಕು. ಲೆವೆಲ್ಲು, ಶಕ್ತಿ, ಕತ್ತಿಯ ಹೆಸರು ಎಲ್ಲವೂ ಹಿಡಿಯ ಡೇಟಾದಲ್ಲಿ, ಮುರಿಯುವುದು ಅಲಗು ಮಾತ್ರ. ಅಲಗು ಸುಮಾರು 120 ಹೊಡೆತ ತಾಳುತ್ತದೆ. ಮುರಿದ ಮೇಲೂ 40% ಡ್ಯಾಮೇಜ್ (ಶತ್ರುವಿಗೆ ಬೀಳುವ ಪೆಟ್ಟು) ಉಳಿಸಿ. 25%ಕ್ಕೆ ಇಳಿಸಿದಾಗ ಎಲ್ಲರೂ ಕಾಳಗ ಬಿಟ್ಟು ಓಡುತ್ತಿದ್ದರು. ಹೊಸ ಅಲಗಿನ ಬೆಲೆ ಎರಡು ಸಾಧಾರಣ ಕಾಳಗದ ಗಳಿಕೆ ಮೀರಬಾರದು.

ಹಿಡಿಯಲ್ಲಿ ಬೆಳ್ಳಿ ತಂತಿ ಕೂರಿಸಿದಷ್ಟು ಸ್ಲಾಟ್ (ಹೊಸ ಶಕ್ತಿ ಸೇರಿಸುವ ಜಾಗ). ನವಸಾಗರ ಮತ್ತು ಕೋಟೆಯ ಮಣ್ಣು ಕಲಸಿ ಸವರಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕುಶಲಕರ್ಮಿಗಳ ಈ ಕೊನೆಯ ಹಂತವೇ ನಮ್ಮಲ್ಲಿ ಸ್ಲಾಟ್ ತೆರೆಯುವ ಕ್ರಿಯೆ. ಬಣ್ಣ-ಬೆಳಕು ತೋರಿಸುವ ಕೋಡ್ ಆದ ಶೇಡರ್‌ನಲ್ಲಿ ಬೆಳ್ಳಿಗೆ ಒಂದು ಮಾಸ್ಕ್, ಉಳಿದ ಮೈಗೆ ಒಂದು. ಬೂದು ಬಣ್ಣ ಒಂದೂವರೆ ಸೆಕೆಂಡಿನಲ್ಲಿ ಕಪ್ಪಿಗೆ ತಿರುಗುತ್ತದೆ. ಆ ಕ್ಷಣ ನೋಡಿದವರಿಗೆ ಟ್ಯುಟೋರಿಯಲ್ ಬೇಕಾಗಲಿಲ್ಲ.

ಮಣ್ಣನ್ನು ಅಂಗಡಿಯಲ್ಲಿ ಮಾರಬೇಡಿ. ದುಡ್ಡಿದ್ದವರು ಮೂರನೇ ಊರಿಗೆ ಬರುವಷ್ಟರಲ್ಲಿ ಎಲ್ಲ ಸ್ಲಾಟ್ ತೆರೆದು ಕೂರುತ್ತಾರೆ. ಕೋಟೆಯಲ್ಲಿ ಮಣ್ಣು ಮತ್ತೆ ಮತ್ತೆ ಹುಟ್ಟುವಂತೆ (ರೀಸ್ಪಾನ್) ಮಾಡಿದರೆ ಜನ ಅಲ್ಲೇ ಅಗೆಯುತ್ತ ನಿಲ್ಲುತ್ತಾರೆ. ನಮ್ಮಲ್ಲಿ ಒಬ್ಬರ ಬಳಿ ಮೂರು ಮುಷ್ಟಿ ಮಣ್ಣಿಗಿಂತ ಹೆಚ್ಚು ನಿಲ್ಲದು, ಸಿಗುವುದು ಸುರಂಗ ಬಾವಿಯ ಆಚೆ ಮಾತ್ರ. ಯಾವಾಗ ಮತ್ತೆ ಸಿಗಬೇಕೆಂಬ ಲೆಕ್ಕ ಗೇಮ್ ಕಟ್ಟುವವರ ಕೈಯಲ್ಲೇ ಇರಲಿ.

ಸುರಂಗಕ್ಕೆ ಬೀದರದ ನೌಬಾದಿನ ಕರೇಜ್ (ನೆಲದಡಿಯ ಹಳೆಯ ನೀರಿನ ಕಾಲುವೆ) ಮಾದರಿ. ಮೇಲಿನ ಬಾವಿಗಳಿಂದ ಬೆಳಕು, ನಡುವೆ ಕತ್ತಲು. ಬಾವಿಯಿಂದ ಬಾವಿಗೆ 60 ಸೆಕೆಂಡ್ ನಡಿಗೆ, ದೀಪದೆಣ್ಣೆ 90 ಸೆಕೆಂಡಿಗೆ. ನೀರಿನ ಮಟ್ಟ ಏರಿಳಿಸಿಯೂ ನೋಡಿದೆವು. ಶತ್ರುಗಳ ಪಾತ್‌ಫೈಂಡಿಂಗ್ (ದಾರಿ ಹುಡುಕುವ ಲೆಕ್ಕ) ಕೆಟ್ಟು ಗೋಡೆಗೆ ಮುಖ ಮಾಡಿ ನಿಂತವು, ತೆಗೆದುಹಾಕಿದೆವು.

ಖರ್ಚು: ಗೇಮ್ ಕಟ್ಟುವ ಎಂಜಿನ್ ಗೋಡೋ ಉಚಿತ, ಹಿಡಿಗಳ ಮಾಡೆಲ್‌ಗೆ ಹದಿನೆಂಟು ಸಾವಿರದ ಆಸುಪಾಸು, ಸೌಂಡಿಗೆ ಆರೇಳು ಸಾವಿರ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಶುಲ್ಕ 100 ಡಾಲರ್. ಅಲಗುಗಳಿಗೆ ಒಂದೇ ಮೆಶ್ (3ಡಿ ಆಕಾರ), ಅಲ್ಲೇ ದೊಡ್ಡ ಉಳಿತಾಯ.

ಬಿಲ್ಲು-ಬಾಣಕ್ಕೆ ಹಿಡಿ-ಅಲಗಿನ ಈ ಲೆಕ್ಕ ಹೊಂದಲಿಲ್ಲ. ಅಲ್ಲಿ ಬತ್ತಳಿಕೆಯನ್ನು ಬಿದರಿ ಮಾಡಿ, ಸವೆತವನ್ನು ಹೆದೆಗೆ ಕೊಟ್ಟಿದ್ದೇವೆ. ಸದ್ಯ 80 ಬಾಣಕ್ಕೊಮ್ಮೆ ಹೆದೆ ಹರಿಯುತ್ತದೆ.