ಒಂದೇ ಮನೆತನದ ಎರಡು ಗಾಡಿ: ಆರು ವಾರದ ಲೆಕ್ಕದ ಪುಸ್ತಕ

ನಮ್ಮ ಮನೆಯಲ್ಲಿ ಆರು ಜನ. ಮೂರು ಸಾಲಿನ ಸೀಟು ನಮಗೆ ಶೋಕಿಯಲ್ಲ, ಅಗತ್ಯ. ಐದು ವರ್ಷದಿಂದ ಪೆಟ್ರೋಲಿನ ವೋಲ್ವೊ ಎಕ್ಸ್‌ಸಿ90 ಓಡಿಸುತ್ತಿದ್ದೇನೆ. ಭಾವ ಅದೇ ಮನೆತನದ ಎಲೆಕ್ಟ್ರಿಕ್ ಗಾಡಿ, ಇಎಕ್ಸ್90 ಕೊಂಡರು. ಮುಂದಿನ ಗಾಡಿ ಯಾವುದಿರಬೇಕು ಎಂದು ನಾನು ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ. "ಓದಿ ಓದಿ ಏನು ಮಾಡ್ತೀಯಾ, ಆರು ವಾರ ಅದಲು ಬದಲು ಮಾಡಿಕೊಳ್ಳೋಣ" ಎಂದು ಭಾವನೇ ಹೇಳಿದರು. ನಾನು ಒಂದು ನೋಟ್‌ಬುಕ್ ತಂದು ಇಟ್ಟೆ.

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಎರಡೂ ಸುಮಾರು ಐದು ಮೀಟರ್ ಉದ್ದ, ಎರಡರಲ್ಲೂ ಏಳು ಸೀಟು, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ, ಎರಡರ ವೇಗವೂ ಗಂಟೆಗೆ 180 ಕಿ.ಮೀ.ಗೆ ನಿಲ್ಲುತ್ತದೆ. ಈಗಿನ ತಲೆಮಾರಿನ ಎಕ್ಸ್‌ಸಿ90 ಹೊರಬಂದದ್ದು 2014ರಲ್ಲಿ. ಇಎಕ್ಸ್90 ಅನ್ನು 2022ರ ನವೆಂಬರ್‌ನಲ್ಲಿ ತೋರಿಸಿದರು. ನಮ್ಮದರಲ್ಲಿ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, 71 ಲೀಟರಿನ ಟ್ಯಾಂಕ್. ಭಾವನದರಲ್ಲಿ ಎರಡು ಮೋಟರ್, ಬಳಕೆಗೆ ಸಿಗುವ 107 ಯೂನಿಟ್ಟಿನ ಬ್ಯಾಟರಿ. ಮನೆಯ ಕರೆಂಟ್ ಬಿಲ್ಲಿನ ಅದೇ ಯೂನಿಟ್, ಅಂದರೆ ಕಿಲೋವ್ಯಾಟ್-ಅವರ್. ತೂಕದಲ್ಲಿ ಮಾತ್ರ ಇಬ್ಬರಿಗೂ ದೂರ: ನಮ್ಮದು 2.1 ಟನ್ನಿನ ಆಸುಪಾಸು, ಅದು 2.8ರ ಆಸುಪಾಸು.

ಅಳತೆಯ ವಿಷಯದಲ್ಲಿ ನಾನು ಹಟ ಹಿಡಿದೆ. ಗಾಡಿಯ ಪರದೆ ತೋರಿಸುವ ಮೈಲೇಜನ್ನು ಬರೆದುಕೊಳ್ಳಲೇ ಇಲ್ಲ. ಪೆಟ್ರೋಲಿಗೆ ಹಳೆಯ ದಾರಿ: ಟ್ಯಾಂಕ್ ತುಂಬಿಸುವುದು, ಓಡಿಸುವುದು, ಮತ್ತೆ ತುಂಬಿಸಿ ಎಷ್ಟು ಲೀಟರ್ ಹಿಡಿಯಿತು ಎಂದು ನೋಡುವುದು. ಎಲೆಕ್ಟ್ರಿಕ್‌ಗೆ ಗೋಡೆಯ ಪಕ್ಕದ ಮೀಟರ್. ಇದು ಮುಖ್ಯ, ಏಕೆಂದರೆ ಗೋಡೆಯಿಂದ ಹೊರಟ ಕರೆಂಟೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಚಾರ್ಜ್ ಆಗುವಾಗಲೇ ಒಂದಷ್ಟು ಶಾಖವಾಗಿ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಅದು ಹತ್ತಕ್ಕೆ ಒಂದು ಪಾಲು. ಬಿಲ್ ಬರುವುದು ಗೋಡೆಯ ಲೆಕ್ಕಕ್ಕೆ, ಪರದೆಯ ಲೆಕ್ಕಕ್ಕಲ್ಲ. ಆದರೆ ಈ ಬರಹದ ಮುಂದಿನ ಅಂಕಿಗಳಲ್ಲಿ ಮೀಟರಿನ ಲೆಕ್ಕದಿಂದ ಆ ನಷ್ಟವನ್ನು ಕಳೆದಿದ್ದೇನೆ, ಬ್ಯಾಟರಿಯಿಂದ ಖರ್ಚಾದದ್ದಷ್ಟೇ ಇದೆ.

ಎರಡನೇ ವಾರ ಮುಗಿಯುವಷ್ಟರಲ್ಲಿ ಪುಸ್ತಕದ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನನಗೆ ಇಡೀ ವಿಷಯ ಅರ್ಥವಾದದ್ದು ಆಗಲೇ. ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಗಾಡಿ 100 ಕಿ.ಮೀ.ಗೆ ಹದಿಮೂರೂವರೆ ಲೀಟರ್ ಕುಡಿದಿತ್ತು. ಹೆದ್ದಾರಿಯಲ್ಲಿ 100ರ ವೇಗದಲ್ಲಿ ಅದೇ ಗಾಡಿ ಎಂಟೂಕಾಲಿಗೆ ಇಳಿದಿತ್ತು. ಎಲೆಕ್ಟ್ರಿಕ್‌ನದು ತಿರುಗುಮುರುಗು: ಊರೊಳಗೆ 19 ಯೂನಿಟ್, ಹೆದ್ದಾರಿಯಲ್ಲಿ 120ರ ವೇಗಕ್ಕೆ 26. ಒಂದು ಊರು ಬಿಟ್ಟರೆ ಹಗುರಾಗುತ್ತದೆ, ಇನ್ನೊಂದು ಊರು ಬಿಟ್ಟರೆ ಭಾರವಾಗುತ್ತದೆ.

ಕಾರಣ ಎಂಜಿನ್ನಿನ ಸ್ವಭಾವದಲ್ಲಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.9 ಯೂನಿಟ್ಟಿನಷ್ಟು ಶಕ್ತಿ ಇದೆ. ಎಂದರೆ ನಮ್ಮ ತುಂಬಿದ ಟ್ಯಾಂಕಿನಲ್ಲಿ 630 ಯೂನಿಟ್, ಭಾವನ ಬ್ಯಾಟರಿಯ ಸುಮಾರು ಆರು ಪಟ್ಟು. ಆದರೆ ಅದರ ಬಹುಪಾಲು ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಬಿಸಿಯಾಗಿ ಹೊರಗೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತಾಗ, ತೆವಳುವಾಗ ಆ ನಷ್ಟ ಅತಿ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ಸಮನೆ ದುಡಿಯುವಾಗ ಎಂಜಿನ್ ಹದಕ್ಕೆ ಬರುತ್ತದೆ. ಮೋಟರಿಗೆ ಈ ಹದ ಬೇಕಿಲ್ಲ, ಅದು ಎಲ್ಲೂ ಹೆಚ್ಚು ಪೋಲು ಮಾಡುವುದಿಲ್ಲ. ಹಾಗಾಗಿಯೇ ಗಾಳಿಯ ತಡೆ ಅದರ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪೆಟ್ರೋಲ್ ಗಾಡಿಗೂ ಅದೇ ಗಾಳಿ, ಆದರೆ ಅಲ್ಲಿ ಎಂಜಿನ್ನಿನ ದೊಡ್ಡ ನಷ್ಟದ ಮರೆಯಲ್ಲಿ ಅದು ಅಡಗಿಕೊಳ್ಳುತ್ತದೆ. ಎಲೆಕ್ಟ್ರಿಕ್ ಹೆದ್ದಾರಿಯಲ್ಲಿ ಕೆಟ್ಟದ್ದು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ: 26 ಯೂನಿಟ್ ಎಂದರೆ ಮೂರು ಲೀಟರ್ ಪೆಟ್ರೋಲಿನ ಶಕ್ತಿ ಮಾತ್ರ.

ಬೆಟ್ಟದ ದಾರಿಯಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಆರು ಜನ ಮತ್ತು ಸಾಮಾನು ಸೇರಿ ಎಲೆಕ್ಟ್ರಿಕ್ ಗಾಡಿ 3.2 ಟನ್ ಎಂದುಕೊಳ್ಳಿ. ಅಷ್ಟು ತೂಕವನ್ನು ಸಾವಿರ ಮೀಟರ್ ಎತ್ತರಕ್ಕೆ ಏರಿಸಲು, ಬೇರೆಲ್ಲ ಖರ್ಚು ಬಿಟ್ಟು, 8.7 ಯೂನಿಟ್ ಬೇಕು. ಏರುವಾಗ ಶೇಕಡಾವಾರು ಸರಸರ ಇಳಿಯುವುದನ್ನು ಕಂಡು ಹೆಂಡತಿಗೆ ಗಾಬರಿಯಾಯಿತು, ನನಗೂ. ಇಳಿಯುವಾಗ ಮೋಟರ್ ಜನರೇಟರಿನಂತೆ ತಿರುಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಮರಳಿಸಿತು. ಬ್ರೇಕಿನ ಡಿಸ್ಕ್ ಬೆಚ್ಚಗೂ ಆಗಿರಲಿಲ್ಲ. ಪೆಟ್ರೋಲ್ ಗಾಡಿ ಗೇರಿನಲ್ಲಿ ಇಳಿಯುವಾಗ ಇಂಧನ ನಿಲ್ಲಿಸುತ್ತದೆ, ಅಷ್ಟೇ. ಏರಲು ಸುಟ್ಟದ್ದು ಮತ್ತೆ ಟ್ಯಾಂಕಿಗೆ ಬರುವುದಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಬೆಟ್ಟದ ತುದಿಯಲ್ಲಿ ತಂಗಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ತೆಗೆದುಕೊಳ್ಳಲು ಜಾಗವಿರುವುದಿಲ್ಲ, ಮೋಟರ್ ಗಾಡಿಯನ್ನು ಹಿಡಿದು ನಿಧಾನಿಸುವ ಆ ಹಿಡಿತ ಕಡಿಮೆಯಾಗಿ ಕೆಲಸವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. 80ಕ್ಕೆ ನಿಲ್ಲಿಸಿ ಹೊರಡಿ.

ಇದೇ ಹಿಡಿತದಿಂದ ಮೊದಲ ವಾರ ಮನೆಯವರಿಗೆ ತೊಂದರೆಯೂ ಆಯಿತು. ಒಂದೇ ಪೆಡಲಿನಲ್ಲಿ ಓಡಿಸುವ ಕ್ರಮವಿದೆ: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ತಾನೇ ನಿಧಾನವಾಗಿ ನಿಲ್ಲುತ್ತದೆ. ಪೆಟ್ರೋಲ್ ಗಾಡಿಯ ಅಭ್ಯಾಸದಲ್ಲಿ ನಾನು ಕಾಲನ್ನು ಒಮ್ಮೆಲೇ ಎತ್ತುತ್ತಿದ್ದೆ. ಮುಂದೆ ಕುಳಿತವನಿಗೆ ಗೊತ್ತಾಗದ ಆ ಸಣ್ಣ ಎಳೆತ ಮೂರನೇ ಸಾಲಿನಲ್ಲಿ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಚಿಕ್ಕ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಆಮೇಲೆ ಆ ಕ್ರಮವನ್ನು ಬಿಟ್ಟು ಮಾಮೂಲಿಯಂತೆ ಓಡಿಸಿದೆ. ಹತ್ತು ದಿನ ಖಾಲಿ ಗಾಡಿಯಲ್ಲಿ ಕಾಲಿನ ಹದ ಕಲಿತ ಮೇಲೆಯೇ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಹಾಕಿದ್ದು. ಟೆಸ್ಟ್ ಡ್ರೈವ್‌ಗೆ ಹೋಗುವವರು ದಯವಿಟ್ಟು ಮಕ್ಕಳನ್ನು ಹಿಂದಿನ ಸಾಲಿನಲ್ಲೇ ಕೂರಿಸಿಕೊಂಡು ಹೋಗಿ. ಅರ್ಧ ಗಂಟೆ ಒಬ್ಬರೇ ಓಡಿಸಿದರೆ ಪಿಕಪ್ ಮಾತ್ರ ತಿಳಿಯುತ್ತದೆ, ಮತ್ತು ಪಿಕಪ್ಪಿನಲ್ಲಿ ಎಲೆಕ್ಟ್ರಿಕ್ ಗೆಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಅಮ್ಮನಿಗೆ ಹಿಡಿಸಿದ್ದು ಸದ್ದಿಲ್ಲದಿರುವುದು. ಮೊದಲ ದಿನ ಗೇಟು ದಾಟಿದ ಮೇಲೂ "ಇನ್ನೂ ಸ್ಟಾರ್ಟ್ ಮಾಡಿಲ್ವೇನೋ?" ಎಂದರು. ಮೂರನೇ ಸಾಲಿನಲ್ಲಿ ಕುಳಿತ ಮೊಮ್ಮಗಳ ಮಾತು ಅವರಿಗೆ ಕಿವಿಗೊಟ್ಟು ಆಲಿಸದೆಯೇ ಕೇಳಿಸಿತು. ನೂರರ ಮೇಲೆ ಹೋದಾಗ ಟೈರು ಮತ್ತು ಗಾಳಿಯ ಸದ್ದು ಮುಂದೆ ಬಂದು ಎರಡು ಗಾಡಿಗಳ ವ್ಯತ್ಯಾಸ ಕಿರಿದಾಗುತ್ತದೆ. ಮಕ್ಕಳು ನಿದ್ದೆ ಹೋದಾಗ ನಿಲ್ಲಿಸಿದ ಗಾಡಿಯಲ್ಲಿ ಎಸಿ ಹಾಕಿಟ್ಟು ಕಾಯುವುದು ಎಲೆಕ್ಟ್ರಿಕ್‌ನಲ್ಲಿ ನಿಶ್ಚಿಂತೆ: ಗಂಟೆಗೆ ಒಂದೋ ಎರಡೋ ಯೂನಿಟ್. ಎಂಜಿನ್ ಗಾಡಿಯನ್ನು ಮುಚ್ಚಿದ ಪಾರ್ಕಿಂಗಿನಲ್ಲಿ ಹಾಗೆ ಚಾಲೂ ಇಡುವುದು ಪ್ರಾಣಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ.

ಇನ್ನು ದೂರದ ಪ್ರಯಾಣ. 640 ಕಿ.ಮೀ. ದಾರಿ. ನಮ್ಮ ಪೆಟ್ರೋಲ್ ಗಾಡಿ ಅದನ್ನು ಒಂದೇ ಟ್ಯಾಂಕಿನಲ್ಲಿ ಮುಗಿಸುತ್ತದೆ, ಈ ವಿಷಯದಲ್ಲಿ ಅದಕ್ಕೆ ಸಮವಿಲ್ಲ. ಎಲೆಕ್ಟ್ರಿಕ್‌ನಲ್ಲಿ ಹೋಗುವಾಗ 120ರಲ್ಲಿ ಓಡಿಸಿ ಎರಡು ಕಡೆ ಚಾರ್ಜಿಗೆ ನಿಂತೆವು. 10ರಿಂದ 80 ಶೇಕಡಾ ತುಂಬಲು ಕಂಪನಿ ಹೇಳುವುದು ಸುಮಾರು ಅರ್ಧ ಗಂಟೆ, ಅದಕ್ಕೆ 250 ಕಿಲೋವ್ಯಾಟ್ ಕೊಡುವ ಚಾರ್ಜರ್ ಬೇಕು. ಮೊದಲ ನಿಲುಗಡೆಯಲ್ಲಿ ಹಾಗೆಯೇ ಆಯಿತು. ಎರಡನೆಯ ಕಡೆ ಒಂದು ಚಾರ್ಜರ್ ಸತ್ತಿತ್ತು, ಇನ್ನೊಂದರ ಮುಂದೆ ಸರದಿ. ಒಂದು ಗಂಟೆ ಇಪ್ಪತ್ತು ನಿಮಿಷ ಅಲ್ಲಿಯೇ ಕಳೆಯಿತು. ಬರುವಾಗ 105ರಲ್ಲಿ ಓಡಿಸಿದೆ. ಖರ್ಚು 100 ಕಿ.ಮೀ.ಗೆ 22.5 ಯೂನಿಟ್ಟಿಗೆ ಇಳಿಯಿತು, ಒಂದೇ ನಿಲುಗಡೆ ಸಾಕಾಯಿತು. ಕಾಗದದ ಲೆಕ್ಕದಲ್ಲಿ 120ರಲ್ಲಿ ಓಡಿಸಿದ್ದರೆ ಇಪ್ಪತ್ತು ನಿಮಿಷ ಬೇಗ ತಲುಪಬಹುದಿತ್ತು. ಕೆಟ್ಟುಹೋದ ಚಾರ್ಜರ್ ಒಂದನ್ನು ಕಂಡವನಿಗೆ ಆ ಇಪ್ಪತ್ತು ನಿಮಿಷ ದೊಡ್ಡದೆನಿಸುವುದಿಲ್ಲ. ಚಾರ್ಜರನ್ನೇ ನ್ಯಾವಿಗೇಷನ್‌ನಲ್ಲಿ ಗುರಿಯಾಗಿ ಇಟ್ಟುಕೊಂಡು ಹೋಗಿ, ತಲುಪುವಷ್ಟರಲ್ಲಿ ಗಾಡಿ ಬ್ಯಾಟರಿಯನ್ನು ಹದವಾಗಿ ಬಿಸಿ ಮಾಡಿಕೊಂಡಿರುತ್ತದೆ. 80 ದಾಟಿದ ಮೇಲೆ ಕಾಯಬೇಡಿ, ಅಲ್ಲಿಂದ ತುಂಬುವ ವೇಗ ಕುಸಿಯುತ್ತದೆ.

ಸರ್ವಿಸಿನಲ್ಲಿ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್ ಇಲ್ಲವಾಗುತ್ತವೆ. ಟೈರು ಮಾತ್ರ ಆ ತೂಕವನ್ನು ಹೊರುವಂಥದ್ದೇ ಬೇಕು, ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಅಂಕಿ) ನೋಡದೆ ಅಗ್ಗದ್ದು ಹಾಕಿಸಬೇಡಿ.

ಆರನೇ ವಾರ ನಮ್ಮ ಹಿಂದಿನ ವರ್ಷದ ಓಡಾಟವನ್ನೆಲ್ಲ ಪುಸ್ತಕದಲ್ಲಿ ಬರೆದೆ. ಮುಕ್ಕಾಲು ಪಾಲು ಕಿಲೋಮೀಟರು ಊರೊಳಗೆ, ಶಾಲೆ, ಕಚೇರಿ, ಆಸ್ಪತ್ರೆ. ದೂರದ ಪ್ರಯಾಣ ನಾಲ್ಕೇ ನಾಲ್ಕು. ಇದು ತಲೆಕೆಳಗಾಗಿದ್ದರೆ ನಾನು ಪೆಟ್ರೋಲಿನಲ್ಲೇ ಉಳಿಯುತ್ತಿದ್ದೆ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲದಿದ್ದರೂ ಹಾಗೆಯೇ. 11 ಕಿಲೋವ್ಯಾಟಿನ ಚಾರ್ಜರ್ ಎಂಟು ಗಂಟೆಯಲ್ಲಿ ಸುಮಾರು 80 ಯೂನಿಟ್ ತುಂಬುತ್ತದೆ, ನಮಗೆ ಅದು ವಾರದ ಬಹುಭಾಗಕ್ಕೆ ಸಾಕು.

ಗಾಡಿ ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಲೋಡ್ ನೋಡಿಸಿದೆ. ಮೂರು ಫೇಸ್ ಇತ್ತು, ಆದರೆ ಮಂಜೂರಾದ ಲೋಡ್ ಸಾಲುತ್ತಿರಲಿಲ್ಲ, ಅರ್ಥಿಂಗೂ ಸರಿಯಿರಲಿಲ್ಲ. ಲೋಡ್ ಹೆಚ್ಚಿಸಿಕೊಂಡು, ಅರ್ಥಿಂಗ್ ಹೊಸದಾಗಿ ಮಾಡಿಸಿ, ಮೀಟರ್ ಬೋರ್ಡಿನಿಂದ ಬೇರೆಯದೇ ಲೈನ್ ಎಳೆಸಿದ್ದಾಯಿತು. ಚಾರ್ಜರ್ ಗೋಡೆ ಏರಿ ಎರಡು ವಾರವಾಯಿತು. ಗಾಡಿ ಇನ್ನೂ ಬರಬೇಕಿದೆ.