ಸೆಲರಿ ತಂದರೆ ತೊಪ್ಪಲು ಚೆಲ್ಲಬೇಡಿ

ಹುಬ್ಬಳ್ಳಿ-ಧಾರವಾಡದ ದೊಡ್ಡ ತರಕಾರಿ ಅಂಗಡಿಗಳಲ್ಲಿ ಈಗ ಸೆಲರಿ ಸಿಗುತ್ತದೆ. ಫ್ರೈಡ್ ರೈಸ್‌ಗೆಂದು ಮಕ್ಕಳು ಇಡೀ ಕಟ್ಟು ತಂದು ಎರಡು ದಂಟು ಹೆಚ್ಚುತ್ತಾರೆ. ಉಳಿದದ್ದು ಫ್ರಿಜ್ಜಿನಲ್ಲಿ ಬಾಡಿ ಕಸಕ್ಕೆ ಹೋಗುತ್ತದೆ. ನನಗಂತೂ ಅದನ್ನು ನೋಡಲಾಗುವುದಿಲ್ಲ. ಕೊತ್ತಂಬರಿ, ಜೀರಿಗೆ, ಸಬ್ಬಸಗಿ, ಗಜ್ಜರಿ ಇವುಗಳ ಬಳಗದ್ದೇ ಗಿಡವದು, ನಮ್ಮ ಒಲೆಗೇನೂ ಪರಕೀಯವಲ್ಲ.

ಕೊಳ್ಳುವಾಗ ಹೊರಗಿನ ದಂಟನ್ನು ಸ್ವಲ್ಪ ಬಗ್ಗಿಸಿ. ಗಟ್ಟಿಯಾಗಿ ನಿಂತರೆ ತನ್ನಿ, ಬಳುಕಿದರೆ ಬಿಡಿ. ಮನೆಗೆ ತಂದ ಕೂಡಲೇ ಪ್ಲಾಸ್ಟಿಕ್ ಚೀಲ ತೆಗೆದು, ತೊಳೆಯದೆ ಹಾಗೇ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ವಾರ ಕಳೆದರೂ ಕೆಡುವುದಿಲ್ಲ. ಬಾಡಿದ್ದರೆ ಬುಡ ತುಸು ಕತ್ತರಿಸಿ ತಣ್ಣೀರಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಬಿರುಸಾಗುತ್ತದೆ. ದಂಟಿನ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ ಇರುವುದು.

ನನ್ನ ಕೇಳಿದರೆ ಸೆಲರಿಗೆ ಒಪ್ಪುವುದು ಪಚಡಿ. ಬೆನ್ನಿನ ನಾರು ಸುಲಿದು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸೌತೆಕಾಯಿ, ಗುರೆಳ್ಳು ಪುಡಿ, ಲಿಂಬೆ ರಸ ಬೆರೆಸಿ. ಉಪ್ಪು ಮಾತ್ರ ರೊಟ್ಟಿ ತಟ್ಟೆಗೆ ಬಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ನೀರು ಬಿಟ್ಟು ಪಚಡಿಯೆಲ್ಲ ಸಾರಾಗುತ್ತದೆ. ದಂಟಿಗೆ ತನ್ನದೇ ಉಪ್ಪಿನಂಶ ಇರುವುದರಿಂದ ಸ್ವಲ್ಪ ಕಡಿಮೆ ಹಾಕಿದರೂ ಸಾಕು.

ತೊಪ್ಪಲಿನ ಘಾಟು ದಂಟಿಗಿಂತ ಜೋರು. ಕೊತ್ತಂಬರಿ ಹಾಕುವಷ್ಟು ಹಾಕಬೇಡಿ, ಅದರ ಕಾಲು ಭಾಗ ಸಾಕು. ಝುಣಕ ಇಳಿಸುವ ಮುಂಚೆ ಒಂದು ಚಿಟಿಕೆ, ತಾಲಿಪಟ್ಟಿನ ಹಿಟ್ಟಿಗೆ ನಾಲ್ಕೆಲೆ. ಬ್ಯಾಳಿ ಸಾರಿಗೂ ಚಲೋ. ಕೆಲವರಿಗೆ ಸೆಲರಿ ತಿಂದರೆ ಬಾಯಿ, ಗಂಟಲು ತುರಿಸುತ್ತದೆ. ಅದು ಅಲರ್ಜಿ, ಅಂಥವರು ಮುಟ್ಟಲೇಬಾರದು.

ಉಳಿದ ಬುಡವನ್ನು ಎರಡು ಬೆರಳು ಎತ್ತರಕ್ಕೆ ಕತ್ತರಿಸಿ, ತಟ್ಟೆಯಲ್ಲಿ ಅರ್ಧ ಮುಳುಗುವಷ್ಟು ನೀರಿಟ್ಟು ಕಿಟಕಿಯಲ್ಲಿಡಿ. ನೀರು ದಿನಾ ಬದಲಿಸಿ. ನಡುವಿನಿಂದ ಎಳೆ ಹಳದಿ ಚಿಗುರು ಎದ್ದು ಹಸಿರಾದ ಮೇಲೆ ಕುಂಡಕ್ಕೆ ನೆಡಿ. ಇದು ಮೂಲತಃ ಜವುಗು ನೆಲದ ಗಿಡ, ಮಣ್ಣು ಒಣಗಬಾರದು. ದೀಪಾವಳಿಯಿಂದ ಶಿವರಾತ್ರಿವರೆಗಿನ ನಮ್ಮ ಚಳಿ ಇದಕ್ಕೆ ಹಿತ. ಬಿಸಿಲು ಏರಿದರೆ ದಂಟು ನಾರಾಗಿ ಕಹಿಯಾಗುತ್ತದೆ. ಅಂಗಡಿಯಲ್ಲಿ ಕಂಡಂಥ ದಪ್ಪ ದಂಟು ಕುಂಡದಲ್ಲಿ ಬರಲಾರದು, ಸಾರಿಗಾಗುವಷ್ಟು ತೊಪ್ಪಲಂತೂ ಸಿಗುತ್ತದೆ. ಹೊರಗಿನ ಎಲೆಗಳನ್ನಷ್ಟೇ ಕೀಳಿ, ನಡುವಿನ ಸುಳಿ ಬಿಡಿ.